ಬಂದ್ ಮಾಡಿದ ಮೇಲೂ ತಿರುಗುವುದು

ಮೂವತ್ತೊಂದು ವರ್ಷ ನಾನು ಬ್ಯಾಲೆನ್ಸಿಂಗ್ ಕೆಲಸ ಮಾಡಿದೆ ಎಂದರೆ ನಮ್ಮ ಹುಬ್ಬಳ್ಳಿಯ ಕಮರಿಪೇಟೆ ಓಣಿಯ ಹೆಂಗಸರು ಇವತ್ತಿಗೂ ಅದು ಬ್ಯಾಂಕಿನ ನೌಕರಿ ಎಂದೇ ತಿಳಿದಿದ್ದಾರೆ. ಮೊದಮೊದಲು ತಿದ್ದುತ್ತಿದ್ದೆ. ಅಲ್ಲವ್ವಾ, ಲಾರಿಗೆ ಟರ್ಬೋ ಅಂತ ಒಂದು ಸಾಮಾನು ಇರುತ್ತದೆ, ಅದರ ಚಕ್ರ ತೂಗಿ ಸರಿ ಮಾಡುವುದು ನನ್ನ ಕೆಲಸ ಎಂದರೆ, ಅವರು ನನ್ನ ಕೈಯ ಕರಿ ಉಗುರು ನೋಡಿ ಪಾಪ ಎನ್ನುತ್ತಿದ್ದರು. ಆಮೇಲೆ ತಿದ್ದುವುದನ್ನೇ ಬಿಟ್ಟೆ. ಬ್ಯಾಂಕಿನವಳು ಎಂದರೆ ಮದುವೆ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡಿಸುತ್ತಾರೆ, ನನಗೇನು ನಷ್ಟ?

ನಿವೃತ್ತಿಯಾಗಿ ಎರಡು ವರ್ಷವಾಯಿತು. ಈಗ ಐಟಿಐ ಮುಗಿಸಿ ಈ ಕಸುಬಿಗೆ ಬರುವವರು ಆಗಾಗ ಫೋನು ಮಾಡಿ ಕೇಳುತ್ತಾರೆ, ಏನು ಕಲಿತುಕೊಳ್ಳಬೇಕು, ಎಲ್ಲಿ ಎಡವುತ್ತೇವೆ ಎಂದು. ಪುಸ್ತಕದಲ್ಲಿ ಇರುವುದನ್ನು ಪುಸ್ತಕದಲ್ಲೇ ಓದಿಕೊಳ್ಳಲಿ. ನಾನು ಎಡವಿದ್ದನ್ನು, ನನ್ನ ಕಣ್ಣೆದುರಿಗೆ ಬೇರೆಯವರು ಎಡವಿದ್ದನ್ನು ಇಲ್ಲಿ ಬರೆಯುತ್ತೇನೆ.

ನನಗೆ ಕೆಲಸ ಕಲಿಸಿದವರು ಮಕ್ತುಮ್ ಉಸ್ತಾದರು. ಕಾರವಾರ ರಸ್ತೆಯಲ್ಲಿ ಅವರ ಅಂಗಡಿ. ಹೆಣ್ಣುಮಗಳಿಗೆ ಗ್ಯಾರೇಜಿನಲ್ಲಿ ಏನು ಕೆಲಸ ಎಂದು ನಾಲ್ಕು ಜನ ಕೇಳಿದಾಗ ಅವರು ಕೊಟ್ಟ ಉತ್ತರ ಇಷ್ಟೇ: ಗಂಡಸರ ಕೈ ನಟ್ಟು ತಿರುವುವ ಪಾನಾ ಹಿಡಿದು ಜಡ್ಡಾಗಿರುತ್ತದೆ, ಚಕ್ರ ತೂಗುವುದಕ್ಕೆ ರಂಗೋಲಿ ಹಾಕುವ ಕೈ ಬೇಕು. ನನಗೆ ರಂಗೋಲಿ ಬರುತ್ತಿರಲಿಲ್ಲ. ಆದರೆ ಅದನ್ನು ಹೇಳಿ ಬಂದ ಕೆಲಸ ಕಳೆದುಕೊಳ್ಳುವಷ್ಟು ದಡ್ಡಿಯೂ ನಾನಾಗಿರಲಿಲ್ಲ.

ಮೊದಲ ದಿನ ಅವರು ನನ್ನ ಅಂಗೈ ಮೇಲೆ ಟರ್ಬೋದ ಒಳಗಿನ ತಿರುಳನ್ನು ಇಟ್ಟರು. ಬೆರಳು ದಪ್ಪದ ಒಂದು ಶಾಫ್ಟು, ಅದರ ಎರಡು ತುದಿಗೆ ಎರಡು ಸಣ್ಣ ಚಕ್ರ. ಒಂದು ಚಕ್ರಕ್ಕೆ ಇಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆ ಬಡಿಯುತ್ತದೆ, ಅದು ತಿರುಗಿದರೆ ಆ ಕಡೆಯ ಇನ್ನೊಂದು ಚಕ್ರವೂ ತಿರುಗಿ ಇಂಜಿನ್ನಿಗೆ ಗಾಳಿ ಒತ್ತುತ್ತದೆ. ಲಾರಿ ಇಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತು ಹಾಕಿದರೆ ಇದು ಎಷ್ಟು ಹಾಕೀತು ಹೇಳು ಎಂದರು. ನಾನು ಬಹಳ ಧೈರ್ಯ ಮಾಡಿ ಐದು ಸಾವಿರ ಅಂದೆ. ಉಸ್ತಾದರು ಒಂದು ಲಕ್ಷ ಅಂದರು. ಗ್ಯಾರೇಜಿನ ಗಂಡಸರು ಹೊಸಬರನ್ನು ಹೀಗೆ ಆಡಿಸುತ್ತಾರೆ ಎಂದು ಅಣ್ಣ ಮೊದಲೇ ಎಚ್ಚರಿಸಿದ್ದ. ಹೂಂ ಎಂದು ತಲೆಯಾಡಿಸಿ ಒಳಗೊಳಗೇ ನಕ್ಕೆ. ಅದು ಖರೇ ಎಂದು ನಂಬುವುದಕ್ಕೆ ನನಗೆ ಒಂದು ತಿಂಗಳು ಮತ್ತು ಒಂದು ದೊಡ್ಡ ತಪ್ಪು ಬೇಕಾಯಿತು.

ಆ ತಪ್ಪು ಹೀಗಾಯಿತು. ಚಕ್ರ, ಶಾಫ್ಟು, ನಟ್ಟು ಮೂರನ್ನೂ ಜೋಡಿಸಿ ಮಶೀನಿನ ಮೇಲೆ ತೂಗಿ, ಭಾರ ಹೆಚ್ಚಿರುವ ಕಡೆ ಕೂದಲೆಳೆಯಷ್ಟು ಲೋಹ ಉಜ್ಜಿ ತೆಗೆಯುತ್ತೇವೆ. ಆಮೇಲೆ ಮೂರರ ಮೇಲೂ ಒಂದೇ ನೇರಕ್ಕೆ ಬಣ್ಣದ ಗೆರೆ ಎಳೆಯುತ್ತೇವೆ. ಬಿಚ್ಚಿ ಮತ್ತೆ ಕೂಡಿಸುವಾಗ ಗೆರೆಗೆ ಗೆರೆ ಕೂಡಬೇಕು. ಒಂದು ಸಂಜೆ ಉಸ್ತಾದರು ತೂಗಿ ಗೆರೆ ಎಳೆದು ಇಟ್ಟಿದ್ದ ಆರು ಸೆಟ್ಟು ಮೇಜಿನ ಮೇಲಿದ್ದವು. ನಾನು ಮನೆಯಲ್ಲಿ ಸ್ಟೀಲಿನ ಡಬ್ಬಿಗಳನ್ನು ಬೆಳಗುವವಳು. ಸಾಮಾನಿಗೆ ಬಣ್ಣ ಹತ್ತಿದೆಯಲ್ಲ ಎಂದು ಸೀಮೆಎಣ್ಣೆ ಹಾಕಿ ಆರನ್ನೂ ಫಳಫಳ ಬೆಳಗಿಟ್ಟೆ. ಅವುಗಳಲ್ಲಿ ಒಂದನ್ನು ಗೆರೆಯಿಲ್ಲದೆ ಅಂದಾಜಿಗೆ ಕೂಡಿಸಿದ್ದು ಅವಸರದಲ್ಲಿ ಲಾರಿಗೆ ಏರಿತು. ನವಲೂರ ಏರಿನಲ್ಲಿ ಅದು ಎಬ್ಬಿಸಿದ ಸಿಳ್ಳೆಗೆ ಹಿಂದಿನ ಬಸ್ಸಿನವನು ಆಂಬುಲೆನ್ಸ್ ಬಂತೆಂದು ದಾರಿ ಬಿಟ್ಟನಂತೆ. ಚಾಲಕ ಅಲ್ಲೇ ನಿಲ್ಲಿಸಿ ಹತ್ತಿರದ ಅಂಗಡಿಯಿಂದ ಫೋನು ಮಾಡಿದ್ದರಿಂದ ಅನಾಹುತ ಆಗಲಿಲ್ಲ.

ಉಸ್ತಾದರು ಬೈಯಲಿಲ್ಲ. ಒಂದು ಗ್ರಾಮಿಗಿಂತ ಕಡಿಮೆ ಭಾರ, ಒಂದು ಲಕ್ಷ ಸುತ್ತಿನಲ್ಲಿ ಎಷ್ಟು ಭಾರವಾಗಿ ಎಳೆಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ಆಮೇಲೆ ಆ ಕಾಗದವನ್ನು ಸೀಮೆಎಣ್ಣೆ ಡಬ್ಬಿಗೆ ಅಂಟಿಸಿದರು. ನಾಲ್ಕು ವರ್ಷ ಅದು ಅಲ್ಲೇ ಇತ್ತು, ಬಂದವರೆಲ್ಲ ಓದಿ ನನ್ನ ಮುಖ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸುತ್ತಿನ ಲೆಕ್ಕ ತಲೆಗೆ ಸರಿಯಾಗಿ ಹೊಕ್ಕಿದ್ದು ಸೂಪರ್‌ಚಾರ್ಜರ್ ನೋಡಿದ ಮೇಲೆ. ನಮ್ಮ ಕಡೆ ಅದು ಅಪರೂಪ. ಕಲ್ಲಿನ ಕ್ವಾರಿಯೊಂದರ ಹಳೇ ಜನರೇಟರಿಗೆ ಇತ್ತು, ರಿಪೇರಿಗೆ ಬಂತು. ಅದಕ್ಕೂ ಕೆಲಸ ಇಂಜಿನ್ನಿಗೆ ಗಾಳಿ ಒತ್ತುವುದೇ. ಆದರೆ ಅದನ್ನು ತಿರುಗಿಸುವುದು ಹೊಗೆಯಲ್ಲ, ಇಂಜಿನ್ನಿನ ಶಾಫ್ಟೇ, ಗೇರು ಇಲ್ಲವೇ ಬೆಲ್ಟಿನ ಮೂಲಕ. ಹಿಟ್ಟಿನ ಗಿರಣಿಯ ಪಟ್ಟಾ ಇದ್ದಂತೆ. ಗಾಲಿ ಎಷ್ಟು ದೊಡ್ಡದು, ಎಷ್ಟು ಸಣ್ಣದು ಎಂದು ನೋಡಿದರೆ ಲೆಕ್ಕ ಮುಗಿಯಿತು. ಆ ಜನರೇಟರಿನ ಗೇರಿನ ಹಲ್ಲು ಎಣಿಸಿದೆ, ಇಂಜಿನ್ನು ಒಂದು ಸುತ್ತು ಹಾಕಿದರೆ ಅದು ಎರಡು. ಹೆಚ್ಚಿನವು ಒಂದೂವರೆಯಿಂದ ಮೂರು ಪಟ್ಟಿನೊಳಗೇ ಇರುತ್ತವೆ. ಒಳಗೆ ಮತ್ತೊಂದು ಗೇರು ಇಟ್ಟು ಐವತ್ತು ಸಾವಿರ ಸುತ್ತು ಮುಟ್ಟಿಸುವ ಜಾತಿಯೂ ಇದೆ ಎಂದು ಓದಿದ್ದೇನೆ, ಕೈಯಲ್ಲಿ ಹಿಡಿದಿಲ್ಲ. ಯಾವುದೇ ಇರಲಿ, ಇಂಜಿನ್ನು ಎದ್ದರೆ ಅದು ಏಳುತ್ತದೆ, ಇಂಜಿನ್ನು ನಿಂತರೆ ಅದೇ ಕ್ಷಣ ನಿಲ್ಲುತ್ತದೆ. ಟರ್ಬೋಗೆ ಇಂಜಿನ್ನಿನ ಜೊತೆ ಇಂಥ ಗಂಟು ಇಲ್ಲ. ಅದನ್ನು ತಿರುಗಿಸುವುದು ಹೊಗೆ, ಹೊಗೆಯ ಬಲ ಎಷ್ಟೋ ಅಷ್ಟು ಸುತ್ತು.

ಇದನ್ನು ಒಬ್ಬ ಗಣಿತದ ಮೇಷ್ಟ್ರಿಗೆ ಒಪ್ಪಿಸುವುದರಲ್ಲಿ ನನಗೆ ಒಂದು ಭಾನುವಾರ ಹೋಯಿತು. ಧಾರವಾಡದ ಸಪ್ತಾಪುರದವರು, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಡೀಸೆಲ್ ಕಾರಿಗೆ ಟರ್ಬೋ ಹಾಕಿಸಿಕೊಂಡು ಹೋಗುವಾಗ ಇಂಜಿನ್ನಿಗೂ ಇದಕ್ಕೂ ಅನುಪಾತ ಎಷ್ಟು ಎಂದು ಕೇಳಿದರು. ಅನುಪಾತ ಇಲ್ರಿ ಸರ ಎಂದೆ. ಎರಡು ತಿರುಗುವ ವಸ್ತು ಇದ್ದ ಮೇಲೆ ಅನುಪಾತ ಇರಲೇಬೇಕು ಎಂದು ಅವರು ಹಟ ಹಿಡಿದರು. ಎರಡು ಸಾವಿರಕ್ಕೆ ಒಂದು ಲಕ್ಷ, ಅಂದರೆ ಐವತ್ತು ಪಟ್ಟು, ಆದ್ದರಿಂದ ಒಂದು ಸಾವಿರಕ್ಕೆ ಐವತ್ತು ಸಾವಿರ ಎಂದು ಅಲ್ಲೇ ಬಾಯಲ್ಲಿ ಸಾಧಿಸಿಬಿಟ್ಟರು.

ಕಾರಿಗೆ ಗಾಳಿಯ ಒತ್ತಡ ತೋರಿಸುವ ಒಂದು ಮುಳ್ಳಿನ ಗಡಿಯಾರ ಕಟ್ಟಿದೆ. ಉಣಕಲ್ ಹತ್ತಿರದ ಸಪಾಟು ರಸ್ತೆಯಲ್ಲಿ ಇಂಜಿನ್ನನ್ನು ಎರಡು ಸಾವಿರ ಸುತ್ತಿಗೆ ನಿಲ್ಲಿಸಿ ಆರಾಮಾಗಿ ಓಡಿಸಲು ಹೇಳಿದೆ. ಮುಳ್ಳು ಹೆಚ್ಚೂ ಕಡಿಮೆ ಮಲಗಿಯೇ ಇತ್ತು. ಆಮೇಲೆ ಅವರ ಹೆಂಡತಿ, ಅತ್ತೆ, ಇಬ್ಬರು ನಾದಿನಿಯರನ್ನು ಕಾರಿನಲ್ಲಿ ತುಂಬಿಕೊಂಡು ಏರಿನಲ್ಲಿ ಅದೇ ಎರಡು ಸಾವಿರಕ್ಕೆ ಎಕ್ಸಲರೇಟರ್ ಒತ್ತಿಸಿದೆ. ಮುಳ್ಳು ಎದ್ದು ನಿಂತಿತು. ಇಂಜಿನ್ನಿನ ಸುತ್ತು ಅದೇ, ಟರ್ಬೋದ ಸುತ್ತು ಎಷ್ಟೋ ಪಟ್ಟು ಹೆಚ್ಚು, ಭಾರ ಹೆಚ್ಚಾದಾಗ ಡೀಸೆಲ್ ಹೆಚ್ಚು ಉರಿದು ಹೊಗೆಗೆ ಬಲ ಬಂತಲ್ಲ ಎಂದೆ. ಮೇಷ್ಟ್ರು ಮುಳ್ಳಿನ ಮೇಲೆ ಬೆರಳಿಟ್ಟು, ಹಾಗಾದರೆ ಇದರ ಅನುಪಾತ ನನ್ನ ಅತ್ತೆಯವರ ಮೇಲೆ ನಿಂತಿದೆ ಎಂದರು. ಹಿಂದಿನ ಸೀಟಿನಿಂದ ಒಂದು ಗಂಟಲು ಕೆಮ್ಮಿತು.

ಕೆಲಸದ ರೀತಿಯೂ ಬದಲಾಯಿತು. ಕೊನೆಯ ಹತ್ತು ವರ್ಷ ಹೊಸ ಮಶೀನು ಬಂತು. ಎಣ್ಣೆಯ ಒತ್ತಡ ಕೊಟ್ಟು, ಗಾಳಿಯಿಂದಲೇ ಚಕ್ರ ತಿರುಗಿಸಿ, ಎಲ್ಲಿ ಎಷ್ಟು ನಡುಗುತ್ತದೆ ಎಂದು ಪರದೆಯ ಮೇಲೆ ಗೆರೆ ಬರೆಯುತ್ತದೆ. ಉಸ್ತಾದರು ಅದನ್ನು ಟಿವಿ ಎಂದೇ ಕರೆಯುತ್ತಿದ್ದರು. ಟಿವಿ ಪಾಸು ಮಾಡಿದ್ದನ್ನು ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ತಾಗಿಸಿ, ಹಿಡಿಗೆ ಕಿವಿ ಹಚ್ಚಿ ತಾವೊಮ್ಮೆ ಕೇಳದೆ ಹೊರಗೆ ಬಿಡುತ್ತಿರಲಿಲ್ಲ. ನಾನು ನಗುತ್ತಿದ್ದೆ. ಆದರೆ ಮಶೀನಿಗೆ ಗೊತ್ತಾಗದ ರೋಗಗಳೂ ಇವೆ ಎಂದು ಇಮಾಮಸಾಬರ ಲಾರಿ ನನಗೆ ಕಲಿಸಿತು. ಹೊಸದಾಗಿ ಬರುವವರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಬೇಕು.

ಲಾರಿ ಉಪ್ಪಿನಬೆಟಗೇರಿಯ ಚನ್ನಬಸಪ್ಪ ಸಾಹುಕಾರರದು. ಹತ್ತಿ, ಕಡಲೆ, ಗೋಧಿ ಹುಬ್ಬಳ್ಳಿ ಪೇಟೆಗೆ ತರುವುದು, ಗೊಬ್ಬರ ಹೇರಿಕೊಂಡು ಹೋಗುವುದು. ಇಪ್ಪತ್ತೆರಡು ವರ್ಷದಿಂದ ಅವರ ಚಾಲಕ ಇಮಾಮಸಾಬರು. ಹಳೇ ಲಾರಿ ಮಾರಿ ಟರ್ಬೋ ಇರುವ ಹೊಸದನ್ನು ತಂದ ಮೇಲೆ ಶುರುವಾಯಿತು ಗ್ರಹಚಾರ. ಒಂದೂ ಕಾಲು ವರ್ಷದಲ್ಲಿ ಮೂರು ಟರ್ಬೋ ಹೋದವು. ಬಿಚ್ಚಿದರೆ ಮೂರರಲ್ಲೂ ಒಂದೇ ಕಥೆ. ಶಾಫ್ಟು ನೀಲಿಗಟ್ಟಿದೆ, ಬೇರಿಂಗು ಸವೆದಿದೆ, ಎಣ್ಣೆ ತವೆಯ ಕರಕಿನಂತೆ ಅಂಟಿದೆ. ಅದಕ್ಕೆ ಎಣ್ಣೆ ಸಿಕ್ಕಿಲ್ಲ ಎಂದು ಯಾರಾದರೂ ಹೇಳಬಹುದು. ಟರ್ಬೋದ ಶಾಫ್ಟು ತೇಲುವುದು ಎಣ್ಣೆಯ ಪೊರೆಯ ಮೇಲೆ, ಆ ಎಣ್ಣೆಯನ್ನು ಇಂಜಿನ್ನಿನ ಪಂಪು ಕಳಿಸುತ್ತದೆ. ನಾವು ಪಂಪು ನೋಡಿದೆವು, ಪೈಪು ಬದಲಿಸಿದೆವು, ಫಿಲ್ಟರು ಬದಲಿಸಿದೆವು. ಎಲ್ಲ ಸರಿ ಇತ್ತು. ಆದರೂ ಟರ್ಬೋ ಹೋಗುತ್ತಿತ್ತು.

ನಾಲ್ಕನೆಯದನ್ನು ಹಾಕಿಸುವ ದಿನ ಸಾಹುಕಾರರು ತಾವೇ ಬಂದರು. ಅವರದು ಎರಡೇ ಮಾತು. ತಪ್ಪು ಉಸ್ತಾದರ ಅಂಗಡಿಯದಾದರೆ ನಾಲ್ಕೂರಿಗೆ ಹೇಳಿಕೊಂಡು ಬರುತ್ತೇನೆ, ಚಾಲಕನದಾದರೆ ಇವತ್ತೇ ಕೀಲಿ ಇಳಿಸಿ ತಂಗಿಯ ಮಗನ ಕೈಗೆ ಕೊಡುತ್ತೇನೆ. ಇದನ್ನು ಇಮಾಮಸಾಬರ ಎದುರಿಗೇ ಹೇಳಿ, ತಮ್ಮ ಜೀಪು ಹತ್ತಿ ಊರಿಗೆ ಹೊರಟರು. ಇಮಾಮಸಾಬರಿಗೆ ಆಗ ಐವತ್ತೆರಡೋ ಐವತ್ಮೂರೋ. ಆ ವಯಸ್ಸಿನಲ್ಲಿ, ಗಾಡಿ ಕೆಡಿಸಿದವ ಎಂಬ ಹೆಸರು ಹೊತ್ತವರಿಗೆ ಯಾರು ಲಾರಿ ಕೊಡುತ್ತಾರೆ? ಅವರು ನನ್ನ ಮಶೀನಿನ ಹತ್ತಿರ ಬಂದು ನಿಂತರು.

“ಬಾಯಾರ, ಇಷ್ಟು ವರ್ಷದಾಗ ಒಂದು ನಾಯಿಗೂ ಗಾಡಿ ತಾಗಿಸಿಲ್ಲ. ಇವತ್ತ ನನ್ನ ಕೂಡ ಕುಂತು ಬರ್ರಿ. ತಪ್ಪು ಕಂಡ್ರ ನೀವ ಹೇಳ್ರಿ, ನಾ ಕೀಲಿ ಕೊಡತೇನಿ.”

ಉಸ್ತಾದರು ಹೋಗಿ ಬಾ ಎಂದರು. ನಾನು ಸೀರೆ ಸೊಂಟಕ್ಕೆ ಸಿಕ್ಕಿಸಿ ಲಾರಿ ಹತ್ತಿದೆ. ಗೊಬ್ಬರ ಹೇರಿದ ಗಾಡಿ. ಎಂಥ ಚಾಲಕ ಅಂತೀರಿ! ಶುರು ಮಾಡಿದ ಕೂಡಲೇ ಎಕ್ಸಲರೇಟರ್ ಒತ್ತದೆ, ಎಣ್ಣೆ ಮೇಲೇರುವವರೆಗೆ ಕಾದರು. ಏರಿನಲ್ಲಿ ಹೊತ್ತಿಗೆ ಸರಿಯಾಗಿ ಗೇರು ಬದಲಿಸಿದರು. ಧಾರವಾಡ ದಾಟುವ ಹೊತ್ತಿಗೆ ನನಗೆ ಉಸ್ತಾದರ ಮೇಲೇ ಅನುಮಾನ ಬರತೊಡಗಿತು. ಅಂದರೆ ನನ್ನ ಮೇಲೂ ಬಂತು, ತೂಗುವವಳು ನಾನೇ ಅಲ್ಲವೇ?

ಸಾಹುಕಾರರ ಮನೆ ಊರೊಳಗೆ ಒಂದು ದಿಬ್ಬದ ಮೇಲಿದೆ. ಪಕ್ಕದಲ್ಲೇ ಗೋದಾಮು. ತುಂಬಿದ ಲಾರಿ ಆ ದಿಬ್ಬವನ್ನು ಏದುಸಿರು ಬಿಡುತ್ತ ಏರಿ ಮನೆಯ ಮುಂದೆ ನಿಂತಿತು. ಇಮಾಮಸಾಬರು ಗೇರು ತೆಗೆದರು. ಆಮೇಲೆ ಎಕ್ಸಲರೇಟರನ್ನು ಪೂರಾ ಒತ್ತಿ ಒಂದು ರೇಸ್ ಕೊಟ್ಟರು, ಕಿಟಕಿಯ ಗಾಜು ನಡುಗುವ ಹಾಗೆ, ಮತ್ತು ಅದರ ಶಬ್ದ ಇಳಿಯುವ ಮೊದಲೇ ಇಂಜಿನ್ನು ಬಂದ್ ಮಾಡಿಬಿಟ್ಟರು.

ಏರಿನ ಬಿಸಿ ಹಾಗೇ ಇದೆ, ಮೇಲೆ ರೇಸ್ ಕೊಟ್ಟು ಟರ್ಬೋವನ್ನು ಮತ್ತಷ್ಟು ಓಡಿಸಿದರು, ಆ ಗಳಿಗೆಗೇ ಇಂಜಿನ್ನು ನಿಲ್ಲಿಸಿದರು. ಇಂಜಿನ್ನು ನಿಂತರೆ ಎಣ್ಣೆಯ ಪಂಪೂ ನಿಂತಿತು. ಆದರೆ ಟರ್ಬೋಗೆ ಅದು ಗೊತ್ತಿಲ್ಲ, ಅದು ಇನ್ನೂ ಸಾವಿರಾರು ಸುತ್ತಿನಲ್ಲಿ ಒಣ ಬೇರಿಂಗಿನ ಮೇಲೆ ತಿರುಗುತ್ತಲೇ ಇದೆ. ಹಳೇ ಲಾರಿಗೆ ಟರ್ಬೋ ಇರಲಿಲ್ಲ, ಎಷ್ಟು ವರ್ಷ ಹೀಗೆ ಮಾಡಿದರೂ ಏನೂ ಆಗಿರಲಿಲ್ಲ. ನಮ್ಮ ಕಡೆಯ ಹಳೇ ಚಾಲಕರಲ್ಲಿ ಅರ್ಧ ಜನರಿಗೆ ಈ ಚಟ ಇತ್ತು. ನಮ್ಮ ಅಂಗಡಿಯಲ್ಲಿ ಪಂಪಿನಿಂದ ಪೈಪಿನವರೆಗೆ ಎಲ್ಲ ನೋಡಿದೆವು, ಗಾಡಿ ಹೇಗೆ ನಿಲ್ಲಿಸುತ್ತೀರಿ ಎಂದು ಮಾತ್ರ ಒಬ್ಬರೂ ಕೇಳಿರಲಿಲ್ಲ.

ತಪ್ಪು ಸಿಕ್ಕಿತ್ತು, ಆದರೆ ಸಿಗದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಕಟ್ಟೆಯ ಮೇಲೆ ಸಾಹುಕಾರರು ಕೂತಿದ್ದಾರೆ, ಪಕ್ಕದಲ್ಲಿ ಅವರ ತಾಯಿ. ಎಂಬತ್ತರ ಹತ್ತಿರದ ಮುದುಕಿ, ಕಣ್ಣು ಪೂರಾ ಹೋಗಿವೆ. ಈಗ ನಾನು ಬಾಯಿ ಬಿಟ್ಟರೆ ಕೀಲಿ ಇಳಿಯುತ್ತದೆ. ನಮ್ಮದೇ ಬೇರಿಂಗು ಕಳಪೆಯಿತ್ತು ಎಂದು ಸುಳ್ಳು ಹೇಳಿ, ಇಮಾಮಸಾಬರಿಗೆ ಗುಟ್ಟಾಗಿ ತಿಳಿಸಿಬಿಡೋಣ ಎಂದು ಖಂಡಿತ ಯೋಚಿಸಿದೆ. ಉಸ್ತಾದರ ಹೆಸರು ಕೆಟ್ಟರೂ ಅಂಗಡಿಯಂತೂ ಇರುತ್ತದೆ ಎಂದು ಲೆಕ್ಕ ಹಾಕಿದೆ. ಬಾಗಿಲು ತೆಗೆದು ಇಳಿಯುವಷ್ಟರಲ್ಲಿ ಮುದುಕಿ ಮುಖ ಎತ್ತಿದರು.

“ಗಾಡಿ ನಿಂತ್ರೂ ಅದೇನು ಕುಂಯ್ ಅನ್ನಾಕತ್ತೈತಿ?”

ನಮಗೆ ಯಾರಿಗೂ ಕೇಳಿರಲಿಲ್ಲ. ಎಲ್ಲರೂ ಕಿವಿಗೊಟ್ಟೆವು. ಆಗ ಕೇಳಿಸಿತು, ಸೊಳ್ಳೆಯ ದನಿಯಷ್ಟು ಸಣ್ಣಗೆ, ಇಳಿಯುತ್ತ ಇಳಿಯುತ್ತ ಹೋಗಿ ನಿಂತಿತು. ಉಸ್ತಾದರ ಸ್ಕ್ರೂಡ್ರೈವರಿಗೂ ಇಲ್ಲದ ಕಿವಿ ಆ ಅಜ್ಜಿಯದು. ಇನ್ನು ಸುಳ್ಳು ಹೇಳುವುದು ನನ್ನ ಕೈಯಲ್ಲಾಗಲಿಲ್ಲ. ಅದು ಟರ್ಬೋ, ಇಂಜಿನ್ನು ಸತ್ತ ಮೇಲೂ ತಿರುಗುತ್ತದೆ, ಆ ಹೊತ್ತಿನಲ್ಲಿ ಅದಕ್ಕೆ ಎಣ್ಣೆ ಇಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂರೂ ಟರ್ಬೋ ಹೋದದ್ದು ಕೊನೆಯ ಆ ಒಂದು ರೇಸಿನಿಂದ ಎಂದೂ ಹೇಳಿದೆ.

ಇಮಾಮಸಾಬರು ಕೀಲಿಗೊಂಚಲು ತೆಗೆದು, ಕಟ್ಟೆಯ ಮೇಲೆ ಸಾಹುಕಾರರ ಪಕ್ಕದಲ್ಲಿಟ್ಟು, ಹಿಂದೆ ಸರಿದು ನಿಂತರು. ಸಾಹುಕಾರರು ಕೀಲಿಯನ್ನು ನೋಡಿದರು, ಮುಟ್ಟಲಿಲ್ಲ. ಮುದುಕಿಗೆ ಕೀಲಿಯ ಸಪ್ಪಳ ಕೇಳಿತ್ತು.

“ಅದು ಯಾರ ಕೀಲಿ? ಚನ್ನಾ, ಅವನ ಕೀಲಿ ಅವಗ ಕೊಡು. ರೇಸ್ ಕೊಡು ಅಂತ ಹೇಳಿದಾಕಿ ನಾನ. ಕಣ್ಣು ಹೋದ ವರ್ಷ ಹೇಳಿದ್ದೆ, ಬಂದ ಕೂಡ್ಲೆ ಒಂದು ಸಪ್ಪಳಾ ಮಾಡಪಾ, ನಮ್ಮ ಗಾಡಿ ಬಂತು ಅಂತ ತಿಳೀಲಿ, ಚಾ ಇಡಸ್ತೇನಿ ಅಂತ. ನಿನ್ನ ಮೂರೂ ಸಾಮಾನ ಕೆಡಿಸಿದಾಕಿ ನಾನ. ನನ್ನನ್ನ ಕೆಲಸದಿಂದ ತಗಿತೀಯೇನು?”

ಸಾಹುಕಾರರು ನನ್ನ ಮುಖ ನೋಡಿದರು. ನಾನು ಲಾರಿಯ ಚಕ್ರ ನೋಡಿದೆ. ಕೊನೆಗೆ ಅವರು ಕೀಲಿ ತೆಗೆದುಕೊಂಡು ಎದ್ದುಹೋಗಿ ಇಮಾಮಸಾಬರ ಕೈಯಲ್ಲಿಟ್ಟು, ಬಂದ ಕೂಡಲೇ ಬಂದ್ ಮಾಡು, ಡೀಸೆಲ್ ಸುಡಬೇಡ ಎಂದು ದಿನಾ ಬೆನ್ನು ಹತ್ತಿದವನು ನಾನೂ ಹೌದು ಎಂದು ನೆಲ ನೋಡುತ್ತ ಹೇಳಿದರು. ನನಗೆ ಅಳು ಬಂತು. ಬಿಸಿಲಿಗೆ ಕಣ್ಣು ಉರಿಯುತ್ತದೆ ಎಂದು ಸೆರಗು ತೆಗೆದುಕೊಂಡೆ. ಗಾಡಿ ನಿಲ್ಲಿಸಿದ ಮೇಲೆ ಎಕ್ಸಲರೇಟರ್ ಮುಟ್ಟದೆ ಎರಡು ನಿಮಿಷ ಇಂಜಿನ್ನನ್ನು ಸುಮ್ಮನೆ ಓಡಲು ಬಿಡಿ, ಟರ್ಬೋ ಸುತ್ತು ಇಳಿಸಿಕೊಂಡು ತಣ್ಣಗಾಗುತ್ತದೆ, ಆಮೇಲೆ ಬಂದ್ ಮಾಡಿ ಎಂದು ಹೇಳಿ, ಅಜ್ಜಿ ಇಡಿಸಿದ ಚಹಾ ಕುಡಿದು ಸಂಜೆಯ ಬಸ್ಸಿಗೆ ಬಂದೆ.

ಆ ನಾಲ್ಕನೆಯ ಟರ್ಬೋ ಮತ್ತೆ ನನ್ನ ಮೇಜಿಗೆ ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ ಅದೇ ಊರಿನಲ್ಲಿ ಒಂದು ಮದುವೆಗೆ ಹೋದಾಗ ಅಜ್ಜಿಯನ್ನು ನೋಡಲು ಹೋದೆ. ಸಪ್ಪಳ ತಪ್ಪಿಸಿಬಿಟ್ಟೆನಲ್ಲ ಎಂಬ ಅಳುಕು ನನಗೆ ಇದ್ದೇ ಇತ್ತು. ನಾನು ಮಾತಾಡುತ್ತ ಕೂತಿರುವಾಗಲೇ ಲಾರಿ ದಿಬ್ಬ ಏರಿ ಬಂದು ನಿಂತಿತು. ರೇಸ್ ಇಲ್ಲ. ಇಂಜಿನ್ನು ಗುಡುಗುಡು ಎನ್ನುತ್ತ ಓಡುತ್ತಲೇ ಇತ್ತು. ಆ ಎರಡು ನಿಮಿಷ ಸುಮ್ಮನೆ ಕೂತು ಏನು ಮಾಡುವುದು? ಇಮಾಮಸಾಬರು ಇಳಿದು ಕಟ್ಟೆಗೆ ಬಂದರು, ಬಂದೇನ್ರಿ ಅವ್ವಾರ ಎಂದು ಅಜ್ಜಿಯ ಕಾಲ ಬಳಿ ಕೂತರು, ಪೇಟೆಯ ಸುದ್ದಿ ಹೇಳಿದರು, ಅಜ್ಜಿ ಅವರ ಮೊಣಕಾಲು ನೋವು ವಿಚಾರಿಸಿದರು. ಆಮೇಲೆ ಅವರು ಎದ್ದು ಹೋಗಿ ಇಂಜಿನ್ನು ಬಂದ್ ಮಾಡಿದರು.

ಸಪ್ಪಳ ಇಲ್ಲದೆ ಬೇಜಾರಿಲ್ಲವೇ ಎಂದು ಕೇಳಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡರು.

“ಇಲ್ಲವ್ವಾ. ಮೊದಲೆಲ್ಲಾ ಲಾರಿ ಬರ್ತಿತ್ತು. ಈಗ ಇಮಾಮ ಬರ್ತಾನ.”